ಬಾಯೊಳಗಿನ ಬಿಳುಪು

ಹೊಸ್ತಿಲ ಮೇಲೆ ಮೂಡಲಿಗೆ ಮುಖ ಮಾಡಿ ಕೂತ ಶೇವಂತಾ, ಮಗಳು ಹೇಳುವ ಮೊದಲೇ ಬಾಯಿ ತೆರೆದಳು. ಮಯೂರಿ ಮೊಬೈಲಿನ ಟಾರ್ಚ್ ಹಚ್ಚಿ, ಎಡಗೈ ಹೆಬ್ಬೆರಳಿನಿಂದ ಅವ್ವನ ಕೆಳತುಟಿಯನ್ನು ಮೆಲ್ಲಗೆ ಹೊರಗೆಳೆದು, ಬಾಗಿ ನೋಡಿದಳು. ಇದು ಹದಿನಾಲ್ಕನೆಯ ಬೆಳಗು. ತುಟಿಗೂ ಒಸಡಿಗೂ ನಡುವಿನ ಸಂದಿಯಲ್ಲಿ, ಹುಣಸೆಬೀಜದಷ್ಟು ಜಾಗದಲ್ಲಿ, ಒಂದು ಬಿಳಿ ಮಚ್ಚೆ ಇತ್ತು. ನಿನ್ನೆಯವರೆಗೆ ಅದು ಇದೆ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಇವತ್ತು ಮಾತ್ರ ಗೊತ್ತಾಗಲಿಲ್ಲ. ಬೆಳಕನ್ನು ಒಂದಿಷ್ಟು ಎಡಕ್ಕೆ ಹೊರಳಿಸಿದರೆ ಇದೆ ಅನ್ನಿಸಿತು, ಬಲಕ್ಕೆ ಹೊರಳಿಸಿದರೆ ಇಲ್ಲ ಅನ್ನಿಸಿತು. ಮಚ್ಚೆ ನಿಜವಾಗಿ ತೆಳುವಾಗಿದೆಯೋ, ಇಲ್ಲ ತನ್ನ ಆಸೆಯೇ ಅದನ್ನು ತೆಳುಮಾಡಿ ತೋರಿಸುತ್ತಿದೆಯೋ ತಿಳಿಯದೆ ಅವಳು ಇನ್ನಷ್ಟು ಹತ್ತಿರ ಬಾಗಿದಳು. ಇವತ್ತು ಮಧ್ಯಾಹ್ನ ಚಿಕ್ಕೋಡಿಯ ಹಲ್ಲಿನ ಡಾಕ್ಟರು ನೋಡುತ್ತಾರೆ. ಅವರ ಕಣ್ಣಿಗೂ ಅದು ಕಂಡರೆ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸುತ್ತಾರೆ. ಯಾವ ರೋಗದ ಪರೀಕ್ಷೆ ಎಂಬುದನ್ನು ಅವಳು ಈವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ, ಅವ್ವ ಕೇಳಿರಲೂ ಇಲ್ಲ.

"ಐತೇನ?" ಎಂದಳು ಅವ್ವ, ತುಟಿ ಮಗಳ ಬೆರಳಲ್ಲಿ ಇದ್ದ ಹಾಗೆಯೇ.

"ಗೊತ್ತಾಗವಲ್ದವ್ವ. ತಡಿ, ಅಲ್ಲಾಡಬ್ಯಾಡ. ಫೋಟೋ ತಗೋತೀನಿ."

ಫೋಟೋ ತೆಗೆದ ಮೇಲೂ ಅವಳು ಟಾರ್ಚ್ ಆರಿಸಲಿಲ್ಲ. ಎರಡು ವಾರದಲ್ಲಿ ಹತ್ತಿಕೊಂಡ ಹೊಸ ಚಟ ಇದು. ಮಚ್ಚೆ ನೋಡಿ ಮುಗಿದ ಮೇಲೆ ಬೆಳಕು ತಾನಾಗಿ ಒಳಗೊಳಗೆ ಹೋಗುತ್ತಿತ್ತು. ಅಂಗುಳದ ಮೇಲೆ ಹೊಳೆದಂಡೆಯ ಮರಳಿನಲ್ಲಿ ಏಳುವಂಥ ಗೆರೆಗಳು. ನಾಲಿಗೆ ಎತ್ತಿದರೆ ಅದರ ಕೆಳಗೆ ಎರಡು ನೀಲಿ ನರಗಳು, ಗಂಟಲ ಬಾಗಿಲಲ್ಲಿ ಸುಮ್ಮನೆ ತೂಗುವ ಕಿರುನಾಲಿಗೆ. ಎಲ್ಲವೂ ಒದ್ದೆ, ಎಲ್ಲವೂ ಬೆಚ್ಚಗೆ, ಯಾರ ಅಪ್ಪಣೆಯನ್ನೂ ಕಾಯದೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುವಂಥದ್ದು. ಮೂವತ್ತು ವರ್ಷ ತನ್ನ ಎದುರಿಗೇ ಇದ್ದ ಮನುಷ್ಯಳ ಒಳಗೆ ಇಷ್ಟೊಂದು ಇತ್ತೇ ಎಂದು ಅವಳಿಗೆ ಪ್ರತಿ ಬೆಳಗೂ ಹೊಸದಾಗಿ ಬೆರಗಾಗುತ್ತಿತ್ತು. ತನ್ನ ಬಾಯಿಗೆ ಇಡುವ ಮೊದಲು ಅನ್ನವನ್ನು ಊದಿ ಆರಿಸಿದ್ದು ಇದೇ ಬಾಯಿ. ತನ್ನ ಹೆಸರನ್ನು ಮೊಟ್ಟಮೊದಲು ಕರೆದದ್ದೂ ಇದೇ. ಆದರೆ ಇದರ ಮುಂದೆ ಒಂದು ಕಪ್ಪು ಬೇಲಿ ಇತ್ತು, ಮತ್ತು ಮಯೂರಿ ಬುದ್ಧಿ ಬಂದಾಗಿನಿಂದ ಆ ಬೇಲಿಯ ಹೊರಗೇ ನಿಂತುಬಿಟ್ಟಿದ್ದಳು.

ಬೇಲಿ ಅಂದರೆ ಅವ್ವನ ಹಲ್ಲು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದರೆ ಅದು ಮಿಶ್ರಿ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ನೆಲದ ಮೇಲೆ ಕೂತು ಎಲೆ ಬಿಡಿಸುವ ಹೆಂಗಸರು ಬೆಳಿಗ್ಗೆ ಎದ್ದ ಕೂಡಲೇ ತೋರುಬೆರಳಿನಲ್ಲಿ ಅದನ್ನು ಹಲ್ಲಿಗೆ ತಿಕ್ಕುತ್ತಾರೆ, ಉಳಿದದ್ದನ್ನು ಕೆಳತುಟಿಯ ಸಂದಿಯಲ್ಲಿ ಇಟ್ಟುಕೊಂಡು ರೊಟ್ಟಿ ಬಡಿಯುತ್ತಾರೆ. ಶೇವಂತಾ ಇಪ್ಪತ್ತನೆಯ ವಯಸ್ಸಿಗೆ ಶುರು ಮಾಡಿದ್ದು, ಈಗ ಐವತ್ತನಾಲ್ಕು. ಮಯೂರಿ ಎಂಟನೆಯ ಇಯತ್ತೆಯಲ್ಲಿದ್ದಾಗ ಪಾಲಕರ ಸಭೆಗೆ ಬಂದ ಅವ್ವ, ಯಾರದೋ ಮಾತಿಗೆ ಬಾಯಿ ತುಂಬ ನಕ್ಕಿದ್ದಳು. ಹಿಂದಿನ ಬೆಂಚಿನಲ್ಲಿ ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡರು. ಮನೆಗೆ ಬರುವ ದಾರಿಯಲ್ಲಿ ಮಯೂರಿ, "ಅವ್ವಾ, ನೀ ನಾಲ್ಕ ಮಂದ್ಯಾಗ ನಗಬ್ಯಾಡ," ಅಂದಳು. ಅವ್ವ ಯಾಕೆ ಅನ್ನಲಿಲ್ಲ. ಅಂದಿನಿಂದ ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಮಯೂರಿಯೂ ಅವ್ವನ ಹತ್ತಿರ ಮಾತಾಡುವಾಗ ಕಿವಿಯ ಬೆಂಡೋಲೆಯನ್ನು ನೋಡುತ್ತ ಮಾತಾಡುವುದನ್ನು ರೂಢಿ ಮಾಡಿಕೊಂಡಳು, ಮತ್ತು ಹಾಗೆ ರೂಢಿ ಮಾಡಿಕೊಂಡದ್ದು ತನಗೇ ಮರೆತುಹೋಗುವಷ್ಟು ಕಾಲ ಹಾಗೇ ನಡೆಯಿತು.

ಶನಿವಾರದ ಬೆಳಗಿನ ಶಾಲೆ. ಮಯೂರಿ ಅಲ್ಲಿ ಟೀಚರಾಗಿ ಬಂದು ಮೂರು ವರ್ಷವಾಗಿತ್ತು. ಗೋಡೆಯ ಮೇಲೆ ಹಳದಿ ಬಣ್ಣದಲ್ಲಿ, ಈ ಶಾಲೆಯ ಸುತ್ತ ನೂರು ಗಜ ತಂಬಾಕು ಮುಕ್ತ ಪ್ರದೇಶ ಎಂದು ಅವಳದೇ ಕೈಯ ಅಕ್ಷರ. ಗೋಡೆಯಿಂದ ಆಚೆ ಎಪ್ಪತ್ತು ಹೆಜ್ಜೆ ಹಾಕಿದರೆ ವಖಾರಿ. ಗಾಳಿ ಈ ಕಡೆ ತಿರುಗಿದರೆ ಮಕ್ಕಳು ಆ ಬರಹವನ್ನು ಓದುತ್ತ ಓದುತ್ತಲೇ ಸೀನುತ್ತವೆ. ಹೆಡ್‌ಮಾಸ್ತರ ದಾದಾಸಾಹೇಬರು ಒಳ್ಳೆಯವರು, ಏನು ಮಾಡಿದರೂ ಮನಸ್ಸಿಟ್ಟು ಮಾಡುವವರು. ಈ ವರ್ಷದ ಸ್ನೇಹಸಮ್ಮೇಳನದಲ್ಲಿ ಒಬ್ಬ ತಾಯಿಗೆ ಸನ್ಮಾನ ಮಾಡಬೇಕೆಂದು ಅವರಿಗೆ ಹೊಳೆದದ್ದೂ, ವಖಾರಿಯಲ್ಲಿ ದುಡಿದು ಮಗಳನ್ನು ಟೀಚರ್ ಮಾಡಿದ ಶೇವಂತಾಬಾಯಿಗಿಂತ ಬೇರೆ ಯಾರು ಅಂದದ್ದೂ ಒಳ್ಳೆಯ ಮನಸ್ಸಿನಿಂದಲೇ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮಯೂರಿಗೆ ಮಾತ್ರ ಕಣ್ಣಿಗೆ ಬಂದದ್ದು ವೇದಿಕೆ, ಮೈಕು, ಮೊಬೈಲ್ ಎತ್ತಿ ಹಿಡಿದ ನೂರು ಕೈ, ಮತ್ತು ನಡುವೆ ಬಾಯಿ ತೆರೆದು ನಗುವ ಅವ್ವ. ವೇದಿಕೆಯ ಹಿಂದಿನ ಗೋಡೆಯಲ್ಲಿ ತನ್ನದೇ ಹಳದಿ ಅಕ್ಷರ.

ಅವಳ ಮುಖ ನೋಡಿ ಏನು ಅರ್ಥ ಮಾಡಿಕೊಂಡಳೋ, ನಾಲ್ಕನೆಯ ಇಯತ್ತೆಯ ನೀಲಮ ಟೀಚರ್ ಮರುದಿನ ಒಂದು ಸಣ್ಣ ಪೊಟ್ಟಣ ತಂದು ಕೈಗೆ ಕೊಟ್ಟಳು. "ಕೊಲ್ಲಾಪುರದಾಗ ನಾ ಹಲ್ಲ ಬಿಳಿ ಮಾಡಿಸಿಕೊಂಡಿದ್ನೆಲ್ಲ, ಅದರ ಜೆಲ್ಲು ಎರಡ ಸಿರಿಂಜ್ ಉಳದಾವ. ನಿಮ್ಮ ಅವ್ವಾರಿಗಿ ಹಚ್ಚಿ ನೋಡ್ರಿ. ಜೆಲ್ಲ ತುಂಬಿ ಹಲ್ಲಿಗಿ ಹಾಕ್ಕೊಳ್ಳೂ ಅಚ್ಚು ಮಾತ್ರ ನನ್ನ ಹಲ್ಲಿನ ಅಳತಿದು, ಅದು ಬರಂಗಿಲ್ಲ." ಪೊಟ್ಟಣದಲ್ಲಿ ಇಂಗ್ಲಿಷಿನ ಚೀಟಿ ಇತ್ತು. ನಿಮ್ಮ ಹಲ್ಲಿನ ಅಳತೆಗೆ ಮಾಡಿದ ಅಚ್ಚಿನಲ್ಲಿ ಮಾತ್ರ ಹಾಕಿಕೊಳ್ಳಿ, ಒಸಡಿಗೆ ತಾಗಿಸಬೇಡಿ, ತಾಗಿದರೆ ಕೂಡಲೇ ಒರೆಸಿ ತೊಳೆಯಿರಿ, ಡಾಕ್ಟರು ಹೇಳದೆ ಬೇರೆಯವರಿಗೆ ಕೊಡಬೇಡಿ. ಮಯೂರಿ ಅದನ್ನು ಓದಿದಳು. ಮಕ್ಕಳಿಗೆ ಪ್ರಶ್ನೆಪತ್ರಿಕೆಯ ಸೂಚನೆಗಳನ್ನು ಎರಡೆರಡು ಸಲ ಓದಿಸುವ ಟೀಚರು ಅದನ್ನು ಪೂರ್ತಿ ಓದಿ, ಮಡಚಿ, ಪರ್ಸಿನ ಒಳಖಾನೆಯಲ್ಲಿ ಇಟ್ಟಳು. ಇವತ್ತಿಗೂ ಅದು ಅಲ್ಲೇ ಇದೆ.

ಸಮ್ಮೇಳನಕ್ಕೆ ಎರಡು ದಿನ ಇರುವಾಗ, ಬುಧವಾರ ಸಂಜೆ, "ಇದನ್ನ ಹಲ್ಲಿಗಿ ಹಚ್ಚಕೋ ಅವ್ವಾ, ಅರ್ಧ ತಾಸಿಗಿ ತೊಳಕೋ," ಎಂದು ಸಿರಿಂಜ್ ಕೈಗೆ ಕೊಟ್ಟು ಅವಳು ಮಕ್ಕಳಿಗೆ ಕುಣಿತ ಕಲಿಸಲು ಶಾಲೆಗೆ ಹೋದಳು. ಹಲ್ಲಿಗೆ ಹಚ್ಚುವುದು ಅಂದರೆ ಏನು ಎಂಬುದು ಶೇವಂತಾಗೆ ಮೂವತ್ನಾಲ್ಕು ವರ್ಷದಿಂದ ಗೊತ್ತು. ತೋರುಬೆರಳಿಗೆ ಹಚ್ಚಿಕೊಂಡು, ಹಲ್ಲಿಗೂ ಒಸಡಿಗೂ ಕೂಡಿಸಿ ಗಸಗಸ ತಿಕ್ಕಿ, ಉಳಿದದ್ದನ್ನು ಕೆಳತುಟಿಯ ಸಂದಿಗೆ ತುಂಬಿ, ಒಲೆಯ ಮುಂದೆ ಕೂತಳು. ಎರಡು ತಾಸು ಬಿಟ್ಟು ಮಯೂರಿ ಬಂದಾಗಲೂ ಅದು ಸಂದಿಯಲ್ಲೇ ಇತ್ತು. "ಅಯ್ಯ ಅವ್ವಾ, ಉರಿಯಲಿಲ್ಲೇನ?" ಎಂದರೆ ಅವ್ವ ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದಳು, "ಉರಿಯೂದ ಛಲೋ ಮಾಲಿನ ಗುರ್ತಲ್ಲೇನ? ಕಡಕ್ ಐತಿ ಬಿಡು ಇದು." ಗುರುವಾರ ಎರಡನೆಯ ಸಿರಿಂಜನ್ನೂ ಹಾಗೆಯೇ ಮುಗಿಸಿದಳು. ಹಲ್ಲು ಕಪ್ಪಾಗಿಯೇ ಉಳಿಯಿತು. ಒಸಡು ಮಾತ್ರ ಸುಣ್ಣ ಬಳಿದಂತೆ ಬೆಳ್ಳಗಾಗಿ, ಶುಕ್ರವಾರ ಬೆಳಿಗ್ಗೆ ನೀರು ಕುಡಿಯಲೂ ಆಗಲಿಲ್ಲ.

ಅದೇ ಶುಕ್ರವಾರ ಸ್ನೇಹಸಮ್ಮೇಳನ. ವೇದಿಕೆಯ ಮೇಲೆ ಅವ್ವ ತುಟಿ ಬಿಗಿದು ಕೂತಿದ್ದಳು. ಶಾಲು ಹೊದಿಸಿದರು, ತುಟಿ ಬಿಚ್ಚಲಿಲ್ಲ. ಮೈಕು ಮುಂದೆ ಹಿಡಿದರು, ತಲೆ ಅಲ್ಲಾಡಿಸಿ ಕೈ ಮುಗಿದಳು. ದಾದಾಸಾಹೇಬರು ಭಾವಪರವಶರಾಗಿ, "ನೋಡ್ರಿ, ಈ ತಾಯಿ ಮಾತಾಡೂದಿಲ್ಲ, ಮಾಡಿ ತೋರಿಸ್ಯಾಳ," ಅಂದರು. ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಂದು ಫೋಟೋದಲ್ಲೂ ಹಲ್ಲು ಕಾಣಲಿಲ್ಲ. ಅವ್ವನ ಬಾಯಿ ಸುಟ್ಟುಕೊಂಡು ಮುಚ್ಚಿದೆ ಎಂದು ಗೊತ್ತಿದ್ದ ಒಬ್ಬಳೇ ಒಬ್ಬಳು ಆ ಸಭೆಯಲ್ಲಿ ಹಗುರಾಗಿ ಉಸಿರುಬಿಟ್ಟಳು. ಆ ಹಗುರತನ ಎಷ್ಟು ಹೊತ್ತು ಇತ್ತು? ಎರಡು ನಿಮಿಷ, ಹೆಚ್ಚೆಂದರೆ ಮೂರು. ಆದರೆ ಇತ್ತು. ಇತ್ತು ಎಂಬುದನ್ನು ಅವಳು ಯಾರಿಗೂ ಹೇಳಿಲ್ಲ.

ಮರುದಿನ ಅವ್ವನನ್ನು ಕರೆದುಕೊಂಡು ಚಿಕ್ಕೋಡಿಗೆ ಹೋದಳು. ನಿಪ್ಪಾಣಿಯಲ್ಲಿ ಹಲ್ಲಿನ ಡಾಕ್ಟರು ಇರಲಿಲ್ಲವೆಂದಲ್ಲ, ನಿಪ್ಪಾಣಿಯಲ್ಲಿ ಅವಳನ್ನು ಬಲ್ಲ ಮಂದಿ ಇದ್ದರು. ಡಾಕ್ಟರ್ ಗುಲನಾಜ ಮೂವತ್ತೈದರ ಹೆಂಗಸು, ನಕ್ಕರೆ ಅವರ ಹಲ್ಲೇ ತುಸು ಹಳದಿ. ಜೆಲ್ಲಿನ ಕತೆಯನ್ನು ಪೂರ್ತಿ ಕೇಳಿಸಿಕೊಂಡರು, ಬಯ್ಯಲಿಲ್ಲ. ಬೈದಿದ್ದರೆ ಛಲೋ ಇತ್ತು ಎಂದು ಮಯೂರಿಗೆ ಅನ್ನಿಸಿತು. "ಹಲ್ಲ ಬಿಳಿ ಮಾಡಿಸಿಕೊಳ್ಳೂದ ತಪ್ಪಲ್ರಿ ಟೀಚರ್," ಅಂದರು, "ಮೊದಲ ಬಾಯಿ ತಪಾಸ ಮಾಡಿ, ಒಸಡ ಗಟ್ಟಿ ಇದ್ದವ್ರಿಗಿ, ಅಳತಿ ತಗೊಂಡ ಅಚ್ಚಿನಾಗ, ಹೇಳಿದಷ್ಟ ಹೊತ್ತ ಮಾಡಿದ್ರ ಏನೂ ಆಗಂಗಿಲ್ಲ. ಒಂದಿಷ್ಟ ದಿನ ಹಲ್ಲ ಜುಮ್ಮ ಅಂತಾವ, ಅಷ್ಟ. ನಿಮ್ಮ ಅವ್ವ, ಈ ಕಾಕೂನ ಒಸಡ ಕೆಳಗ ಸರದೈತಿ, ಬೇರು ಬೈಲಿಗಿ ಬಂದೈತಿ. ಇಂಥಾ ಬಾಯಿಗಿ ಅದು ನಡಿಯಂಗಿಲ್ಲ." ಆಮೇಲೆ ಒಂದು ಸಣ್ಣ ಕ್ಯಾಮೆರಾವನ್ನು ಬಾಯೊಳಗೆ ಹಿಡಿದರು. ಗೋಡೆಯ ಪರದೆಯ ಮೇಲೆ ಅವ್ವನ ಒಂದು ಹಲ್ಲು ಬಾಗಿಲಷ್ಟು ದೊಡ್ಡದಾಗಿ ಬಂತು. ಕಪ್ಪು, ಕಪ್ಪಿನ ಕೆಳಗೆ ಕಂದು, ಬೇರಿನ ಹತ್ತಿರ ಜೇನಿನ ಬಣ್ಣದ ಒಂದು ಬತ್ತಲೆ ಪಟ್ಟಿ. ಡಾಕ್ಟರು ಅಲ್ಲಿಗೆ ಒಂದು ಎಳೆ ಗಾಳಿ ಊದಿದರು. ಅವ್ವನ ಕಣ್ಣಿಂದ ಪಟ್ಟನೆ ನೀರು ಇಳಿಯಿತು. "ನೋಡ್ರಿ, ಹಲ್ಲ ಅಂದ್ರ ಕಲ್ಲಲ್ಲ. ಒಳಗ ಕೂದಲೆಳಿಯಷ್ಟ ನರ ಐತಿ, ಜೀವ ಐತಿ."

ಮಯೂರಿ ಪರದೆಯಿಂದ ಕಣ್ಣು ಕೀಳಲಾಗದೆ ನಿಂತಳು. ಮಕ್ಕಳಿಗೆ ಹಲ್ಲಿನ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದಳು, ಬಣ್ಣದ ಸೀಮೆಸುಣ್ಣದಲ್ಲಿ ಒಳಗಿನ ನರವನ್ನು ತೋರಿಸಿದ್ದಳು. ಅವ್ವನ ಹಲ್ಲಲ್ಲಿಯೂ ಅದು ಇದ್ದೀತು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಅವು ಕಪ್ಪಾಗಿ ಎಂದೋ ಸತ್ತುಹೋಗಿವೆ, ಸತ್ತದ್ದಕ್ಕೆ ಏನು ಹಚ್ಚಿದರೇನು ಎಂದೇ ಅವಳು ತಿಳಿದಿದ್ದಿರಬೇಕು. ಎರಡು ದಿನ ಆ ಜೀವದ ಮೇಲೆ ಬೆಂಕಿ ಇಟ್ಟುಕೊಂಡು ಈ ಹೆಂಗಸು ರೊಟ್ಟಿ ಬಡಿದಳೇ. ಅಷ್ಟರಲ್ಲಿ ಡಾಕ್ಟರು ಕೆಳತುಟಿ ಹೊರಳಿಸಿ ಸುಮ್ಮನಾದರು. ಆ ಸುಮ್ಮನಾದದ್ದು ಮಯೂರಿಯ ಕಿವಿಗೆ ಬಿತ್ತು.

"ಇಲ್ಲಿ ಎರಡ ಬಿಳಿ ಅದಾವ್ರಿ," ಅಂದರು. "ಮ್ಯಾಲಿಂದು ಜೆಲ್ಲ ಸುಟ್ಟದ್ದು, ನಾಕೈದ ದಿನದಾಗ ತಾನ ಹೋಗತೈತಿ. ಕೆಳಗಿಂದು ಅದರ ಅಣ್ಣ. ಭಾಳ ದಿನದ್ದು, ಮಿಶ್ರಿ ಇಟ್ಟ ಇಟ್ಟ ಆಗಿದ್ದು. ಇಂಥಾವು ಕೆಲವು ತಂಬಾಕ ಬಿಟ್ಟರ ಹೋಗತಾವ, ಕೆಲವು ಹೋಗಂಗಿಲ್ಲ. ಕಾಕೂ, ಇವತ್ತಿಂದ ಹದಿನಾಲ್ಕ ದಿನ ಮಿಶ್ರಿ ಮುಟ್ಟಬ್ಯಾಡ್ರಿ. ಆಮ್ಯಾಲೂ ಅದು ಹಂಗ ಉಳದ್ರ ಚೂರ ತಗದ ತಪಾಸಣಿಗಿ ಕಳಸೂನು. ಟೀಚರ್, ದಿನಾ ಬೆಳಿಗ್ಗಿ ನೀವು ಬ್ಯಾಟರಿ ಹಿಡದ ನೋಡಕೋತ ಇರ್ರಿ."

ಹೀಗೆ ಶುರುವಾದದ್ದು ಈ ನೋಡುವ ಕೆಲಸ. ಸುಟ್ಟ ಬಿಳಿ ಡಾಕ್ಟರು ಹೇಳಿದ ಹಾಗೆಯೇ ಹೋಯಿತು. ಐದನೆಯ ಬೆಳಗಿಗೆ ಅಲ್ಲಿ ಎಳೆಗೂಸಿನ ಒಸಡಿನಂಥ ಗುಲಾಬಿ ಚರ್ಮ ಬಂದಿತ್ತು. ಯಾರೂ ಔಷಧಿ ಹಚ್ಚಿರಲಿಲ್ಲ, ಯಾರೂ ಕ್ಷಮೆ ಕೇಳಿರಲಿಲ್ಲ, ಬಾಯಿ ತನ್ನನ್ನು ತಾನೇ ನೆಟ್ಟಗೆ ಮಾಡಿಕೊಂಡಿತ್ತು. ಮಯೂರಿ ಅಂದು ಹೊಸ್ತಿಲ ಬಳಿ ಮಂಡಿಯೂರಿದವಳು ಸ್ವಲ್ಪ ಹೊತ್ತು ಏಳಲಿಲ್ಲ. ಕೆಳಗಿನ ಹಳೆಯ ಬಿಳಿ, ಆ ಅಣ್ಣ, ಮಾತ್ರ ಕದಲಲಿಲ್ಲ. ತಾನು ಜೆಲ್ಲು ತರದೆ ಇದ್ದಿದ್ದರೆ ಬಾಯಿ ಸುಡುತ್ತಿರಲಿಲ್ಲ, ಬಾಯಿ ಸುಡದೆ ಇದ್ದಿದ್ದರೆ ಅವ್ವನ ತುಟಿಯನ್ನು ಯಾರೂ ಹೊರಳಿಸಿ ನೋಡುತ್ತಿರಲಿಲ್ಲ. ಹಾಗಾದರೆ ತಾನು ಮಾಡಿದ್ದು ಒಳ್ಳೆಯದೇ ಆಯಿತೇ? ಈ ಯೋಚನೆ ಬಂದಾಗಲೆಲ್ಲ ಅವಳಿಗೆ ತನ್ನ ಮೇಲೆ ಇನ್ನಷ್ಟು ಹೇಸಿಗೆಯಾಗುತ್ತಿತ್ತು.

ಇವತ್ತು ಶಾಲೆ ಬಿಡುವ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ನೀಲಮ ಸ್ನೇಹಸಮ್ಮೇಳನದ ಫೋಟೋ ಕೇಳಿದಳು. ಮಯೂರಿ ಮೊಬೈಲ್ ಕೊಟ್ಟಳು. ಕುಣಿತದ ಫೋಟೋ, ಶಾಲಿನ ಫೋಟೋ, ಬಾಯಿ ಮುಚ್ಚಿದ ಅವ್ವ. ನೀಲಮ ಬೆರಳನ್ನು ಇನ್ನೊಂದು ಸಲ ಸರಿಸಿದಳು. ಪರದೆ ತುಂಬ ತೆರೆದ ಬಾಯಿ, ಕಪ್ಪು ಹಲ್ಲು, ಸರಿದ ಒಸಡು. "ಅಯ್ಯ ಅಯ್ಯ, ಇದೇನ್ರಿ ಮಯೂರಿ ಟೀಚರ್! ಯಾರದಿದು?" ಎಂದು ಕೈಯನ್ನು ದೂರ ಹಿಡಿದಳು. ಮಯೂರಿಯ ನಾಲಿಗೆ ಅವಳಿಗಿಂತ ಮುಂದೆ ಓಡಿತು. "ನೆಟ್ಟಿನಾಗಿಂದ ತಗದಿದ್ದು. ತಂಬಾಕಿನ ಕಾರ್ಯಕ್ರಮಕ್ಕ." ನೀಲಮ ಮತ್ತೊಮ್ಮೆ ನೋಡಿ, "ಇದನ್ನ ದೊಡ್ಡದ ಮಾಡಿ ಹಾಕ್ರಿ. ಹುಡುಗ್ರು ಹೆದರತಾವ ನೋಡ್ರಿ," ಅಂದಳು. ಮಯೂರಿ ಹೂಂ ಅಂದಳು. ಹೂಂ ಅನ್ನುವಾಗ ಅವಳ ಕಣ್ಣ ಮುಂದೆ, ಬೆಳಿಗ್ಗೆ ಮೂಡಲಿಗೆ ಮುಖ ಮಾಡಿ, ಕೇಳುವ ಮೊದಲೇ ತೆರೆದಿದ್ದ ಆ ಬಾಯಿ ಇತ್ತು. ಕುರ್ಚಿಯಿಂದ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಬಿದ್ದಳು.

ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಆಗಲೇ ಬಂದು, ಸನ್ಮಾನದ ಶಾಲನ್ನೇ ಹೊದ್ದು ಕೂತಿದ್ದಳು. ಪಕ್ಕದಲ್ಲಿ ದಾವಲಬಿ. ವಖಾರಿಯಲ್ಲಿ ಅವ್ವನ ಜೊತೆ ಇಪ್ಪತ್ತೈದು ವರ್ಷದಿಂದ ಎದುರುಬದುರು ಕೂತು ಎಲೆ ಬಿಡಿಸುವವಳು. ಮಯೂರಿ ಹತ್ತಿರ ಬರುವುದಕ್ಕೂ ದಾವಲಬಿ ಅಂಗೈ ಚಾಚಿ, "ಒಂದ ಚಿಮಟಿ ಕೊಡ ಬೇ ಶೇವಂತಾ," ಅನ್ನುವುದಕ್ಕೂ ಸರಿಹೋಯಿತು. ಅವ್ವ ಸೊಂಟದ ಚಂಚಿಗೆ ಕೈ ಹಾಕಿ ಆ ಹಳೆಯ ತಗಡಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿದಳು. ತುಂಬ ಮಿಶ್ರಿ. ಇವತ್ತೋ ನಿನ್ನೆಯೋ ಹುರಿದದ್ದು, ಕರ್ರಗೆ, ಘಮ್ಮೆನ್ನುತ್ತಿತ್ತು.

"ಅವ್ವಾ!" ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. "ಹದಿನಾಲ್ಕ ದಿನ ನಾ ಹುಚ್ಚಿ ಹಂಗ ಬ್ಯಾಟರಿ ಹಿಡದ ನೋಡಾಕತ್ತೀನಿ, ನೀ ಸೊಂಟದಾಗ ಇದನ್ನ ಇಟಗೊಂಡ ತಿರಗತಿ? ನಿನ್ನ ಜೀವದ ಮ್ಯಾಲ ನಿನಗ ಕಾಳಜಿ ಐತೋ ಇಲ್ಲೋ?"

ಅವ್ವ ಒಂದು ಚಿಮಟಿ ತೆಗೆದು ದಾವಲಬಿಯ ಅಂಗೈಗೆ ಹಾಕಿದಳು. ಬೈಸಿಕೊಳ್ಳುವುದು ಅವಳಿಗೆ ಹೊಸದಲ್ಲ. ಮಾತಾಡಿದ್ದು ದಾವಲಬಿ, ಮಯೂರಿಯನ್ನು ಮಗುವೆಂಬಂತೆ ಬಾಳಾ ಎಂದು ಕರೆದು. "ಯಾಕ ಬೈತಿ ಬಾಳಾ? ಅಲ್ಲಾನ ಆಣಿ ಮಾಡಿ ಹೇಳತೇನಿ, ಆಕಿ ಇದನ್ನ ಬಾಯಾಗ ಇಟ್ಟಿಲ್ಲ. ನಮಗ ಕೊಡತಾಳ, ಬೆರಳ ಸೀರಿಗಿ ಒರಸಿಕೊಂಡ ಅತ್ತಾಗ ಮಾರಿ ತಿರಗಸತಾಳ. ತಲಿ ಸಿಡೀತೈತಿ ಅಂತ ಅಳತಾಳ, ಮುಂಜೇಲೆ ಹೊಟ್ಟಿ ಸಾಫ್ ಆಗವಲ್ದು ಅಂತಾಳ. ನಿನ್ನಿ ಕೈ ಹಿಂಗ ನಡಗಾಕತ್ತಿತ್ತು ನೋಡು, ಎಲಿ ಬಿಡಸಾಕ ಬರವಲ್ದಾಗಿತ್ತು. ನಾನ ಅಂದೆ, ಒಂದ ಚೂರ ಹಚ್ಚಕೋ ಬೇ, ಮಗಳಿಗೇನ ಗೊತ್ತಾಗತೈತಿ ಅಂತ. ಮುಟ್ಟಲಿಲ್ಲ."

"ಮತ್ತ ಹುರಕೊಂಡ ಯಾಕ ತರಬೇಕ?" ಮಯೂರಿಯ ದನಿ ಇಳಿದಿತ್ತು.

"ಮೂವತ್ತ ವರ್ಷ ಅವ್ರ ಡಬ್ಬ್ಯಾಗಿಂದ ತಗೊಂಡೇನಿ," ಎಂದಳು ಅವ್ವ, ಮುಚ್ಚಳ ಹಾಕುತ್ತ. "ವಖಾರ್ಯಾಗ ಕೇಳಿದವರಿಗಿ ಯಾರೂ ಇಲ್ಲ ಅಂದಿಲ್ಲ. ನನ್ನ ಪಾಳಿ ಬಂದಾಗ ಖಾಲಿ ಡಬ್ಬಿ ತೋರಸಲೇನ?"

ದಾವಲಬಿ ಚಿಮಟಿಯನ್ನು ಅಂಗೈಯಲ್ಲಿ ಹಾಗೆಯೇ ಹಿಡಿದುಕೊಂಡು ನಿಂತಿದ್ದಳು. ಬಾಯಿಗೆ ಹಾಕಲಿಲ್ಲ, ಚೆಲ್ಲಲೂ ಇಲ್ಲ. "ಬಾಳಾ," ಅಂದಳು ನಗುವಿನ ದನಿಯಲ್ಲಿ, "ನನ್ನ ಬಾಯಾಗೂ ಒಮ್ಮೆ ಬ್ಯಾಟರಿ ಹಿಡದ ನೋಡತಿಯೇನ?" ನಗುವಿನ ದನಿಯಾದರೂ ಕಣ್ಣು ನಗುತ್ತಿರಲಿಲ್ಲ. "ನಾಳೆ ಮುಂಜಾನೆ ಬರ್ರಿ ಚಾಚಿ," ಎಂದು ಮಯೂರಿ ಹೇಳುವಷ್ಟರಲ್ಲಿ ಚಿಕ್ಕೋಡಿಯ ಬಸ್ಸು ಬಂತು.

ಕಿಟಕಿಯ ಹತ್ತಿರ ಅವ್ವ, ಪಕ್ಕದಲ್ಲಿ ಮಯೂರಿ. ಬಸ್ಸು ಊರು ಬಿಟ್ಟಿತು, ಎರಡೂ ಬದಿಗೆ ಕಬ್ಬು, ಕಬ್ಬಿನ ನಡುವೆ ಅಲ್ಲಲ್ಲಿ ತಂಬಾಕಿನ ಅಗಲ ಎಲೆಗಳು. ಅವಳು ಅವ್ವನ ಕೈ ನೋಡಿದಳು. ತೋರುಬೆರಳಿನ ತುದಿಯ ಕಪ್ಪು ಇನ್ನೂ ಹೋಗಿರಲಿಲ್ಲ. ಎರಡು ವಾರ, ದಿನಕ್ಕೆ ಹತ್ತು ಸಲ, ಈ ಬೆರಳಿನ ತುದಿಯಲ್ಲಿ ಮಿಶ್ರಿ ಹಿಡಿದು, ಮತ್ತೊಬ್ಬರ ಅಂಗೈಗೆ ಹಾಕಿ, ಬಾಯಿಗೆ ಒಯ್ಯದೆ ಒರೆಸಿಕೊಂಡಿದ್ದಳು. ಬೆಳಿಗ್ಗೆ ಹಂಚಿನ ಮುಂದೆ ಕೂತು, ಮೂಗಿನ ಕೆಳಗೇ ಹುರಿದಿದ್ದಳು, ಮಗಳು ಏಳುವ ಮೊದಲು; ಮನೆಯಲ್ಲಿ ಸದಾ ಇರುವ ವಾಸನೆಯೆಂದು ಮಗಳಿಗೆ ಅನುಮಾನ ಬಂದಿರಲಿಲ್ಲ. ಇಷ್ಟು ಗಟ್ಟಿ ಮನುಷ್ಯಳು ತನ್ನ ಮನೆಯಲ್ಲಿ ಇದ್ದಳೇ? ತಾನು ಈ ಹೆಂಗಸಿಗೆ ಮುಚ್ಚಿಕೊಂಡು ನಗು ಎಂದು ಕಲಿಸಿದ್ದಳೇ? ಮಯೂರಿಗೆ ಅವ್ವನ ಪಕ್ಕದಲ್ಲಿ ಕೂತಿರುವುದಕ್ಕೇ ಒಂದು ಥರದ ಅಂಜಿಕೆಯಾಯಿತು. ದೊಡ್ಡವರ ಎದುರಿಗೆ ಆಗುವಂಥ ಅಂಜಿಕೆ.

"ಹೆಂಗ ತಡಕೊಂಡಿ ಅವ್ವಾ?" ಎಂದಳು. ಖಡಕಲಾಟ ಎಂಬ ಊರಿನಲ್ಲಿ ಬಸ್ಸು ನಿಂತಿತ್ತು, ಮಂದಿ ಏರುತ್ತಿದ್ದರು.

ಅವ್ವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. "ನೀ ದಿನಾ ಮುಂಜೇಲೆ ನೋಡತಿದ್ದೆಲ್ಲ."

"ಸಿಕ್ಕಿಬೀಳತೀನಿ ಅಂತ ಅಂಜಿದಿ?"

"ಅಂಜಿಕಿ ಅಲ್ಲ ಬಾಳಾ." ಅವ್ವ ಕಿಟಕಿಯಿಂದ ಇತ್ತ ತಿರುಗಿದಳು. "ನೀ ಸಣ್ಣಾಕಿ ಇದ್ದಾಗ ನನ್ನ ಮಾರಿ ಹಿಡದ ನೋಡತಿದ್ದಿ. ಆಮ್ಯಾಲ ಬಿಟ್ಟಿ. ನನ್ನ ಕಿವಿ ನೋಡಕೋತ ಮಾತಾಡತಿ, ನನಗ ಗೊತ್ತಿಲ್ಲೇನ? ಈಗ ಹದಿನಾಲ್ಕ ದಿನ ಆತು, ಹತ್ತರ ಬಂದ ನೋಡಾಕತ್ತಿ. ಮಿಶ್ರಿ ಹಚ್ಚಕೊಂಡರ ಬಾಯಾಗ ವಾಸ್ನಿ ಬರತೈತಿ, ನೀ ಹಿಂದ ಸರೀತಿ ಅಂತ ಬಿಟ್ಟೆ."

ಬಸ್ಸು ಹೊರಟಿತು. ಮಯೂರಿಯ ಕಣ್ಣು ತುಂಬಿ ಬಂದು ಕಬ್ಬು ತಂಬಾಕು ಎಲ್ಲ ಒಂದಾಗಿ ಹರಿಯಿತು. ಅವ್ವ ಎಲ್ಲವನ್ನೂ ಬಲ್ಲಳು, ಹದಿನಾರು ವರ್ಷ ಬಲ್ಲಳು, ಬಲ್ಲೆನೆಂದು ತೋರಿಸಿಕೊಂಡಿರಲಿಲ್ಲ. ಮೊಬೈಲ್ ತೆಗೆದು ಹದಿನಾಲ್ಕು ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಇವತ್ತಿನದನ್ನು ನೀಲಮಳಿಗೆ ಕಳಿಸಿ, ಅದರ ಕೆಳಗೆ, "ಇದು ನೆಟ್ಟಿನದಲ್ಲ, ನಮ್ಮ ಅವ್ವನ ಬಾಯಿ. ನಾನು ಸುಳ್ಳು ಹೇಳಿದೆ," ಎಂದು ಬರೆದಳು. ನೀಲಮ ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ. ಮಯೂರಿ ಮೊಬೈಲನ್ನು ಬ್ಯಾಗಿಗೆ ಹಾಕಿ, ಅವ್ವನ ಕಪ್ಪು ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಕೂತಳು.

ಡಾಕ್ಟರ್ ಗುಲನಾಜ ಅವ್ವನನ್ನು ಕುರ್ಚಿಯ ಮೇಲೆ ಮಲಗಿಸಿ, ಎದೆಯ ಮೇಲೆ ಕಾಗದದ ಹೊದಿಕೆ ಹಾಸಿ, ದೀಪ ತಗ್ಗಿಸಿದರು. ಕೆಳತುಟಿ ಹೊರಳಿಸಿದರು. ಕೈಗವಸಿನ ಬೆರಳಿನಿಂದ ಒತ್ತಿ ಸವರಿ ನೋಡಿದರು. ಅರಳೆಯಿಂದ ಒರೆಸಿ, ಒಣಗಿಸಿ, ಮತ್ತೆ ನೋಡಿದರು. ಅವರು ಸುಮ್ಮನಿದ್ದರು. ಹೋದ ಸಲದ ಸುಮ್ಮನಿರುವಿಕೆಯೇ ಇದು, ಅಥವಾ ಬೇರೆಯದೇ? ಮಯೂರಿ ಪರ್ಸನ್ನು ಎರಡೂ ಕೈಯಿಂದ ಹಿಚುಕುತ್ತಿದ್ದಳು, ಒಳಖಾನೆಯಲ್ಲಿ ಆ ಚೀಟಿ ಕರಕರ ಅನ್ನುತ್ತಿತ್ತು. ಡಾಕ್ಟರು ಕ್ಯಾಮೆರಾ ಒಳಗೆ ಹಿಡಿದರು. ಪರದೆಯ ಮೇಲೆ ಸಂದಿ ಬಂತು, ಅಂಗಳದಷ್ಟು ಅಗಲವಾಗಿ. ಒದ್ದೆ, ಗುಲಾಬಿ, ಸಣ್ಣ ಸಣ್ಣ ಕೆಂಪು ನರ. ಅಷ್ಟೇ.

"ಇಲ್ಲ ನೋಡ್ರಿ," ಅಂದರು ಡಾಕ್ಟರು. "ಹೋಗೇತಿ. ಮೆತ್ತಗ ಆಗೇತಿ. ಕತ್ತರಸೂ ಕೆಲಸ ಇಲ್ಲ. ಕಾಕೂ, ನೀವು ಗೆದ್ರಿ. ಆದ್ರ ಮತ್ತ ಹಚ್ಚಿದ್ರ ಮತ್ತ ಬರತೈತಿ, ಮುಂದಿನ ಸಲ ಹಿಂಗ ಹೋಗತೈತಿ ಅಂತ ಹೇಳಾಕಾಗಂಗಿಲ್ಲ. ಮೂರ ತಿಂಗಳಿಗೊಮ್ಮೆ ಬಂದ ತೋರಸ್ರಿ. ಹಲ್ಲಿನ ಮ್ಯಾಲಿನ ಕಪ್ಪ ಬೇಕಾದ್ರ ಸ್ವಚ್ಛ ಮಾಡತೇನಿ, ಅದಕ್ಕ ಸುಡೂ ಔಷಧ ಬೇಕಾಗಿಲ್ಲ. ಪೂರಾ ಬಿಳಿ ಮಾತ್ರ ಆಗಂಗಿಲ್ಲ."

"ಬಿಳಿ ಹೋಗಲಿ ಅಂತ ಹದಿನಾಲ್ಕ ದಿನ ಸತ್ತೇನ್ರಿ ಡಾಕ್ಟರ್ ಬಾಯಾರ," ಎಂದಳು ಅವ್ವ, "ಮತ್ತ ಬಿಳಿ ಯಾಕ?" ಎಂದವಳಿಗೆ ತನ್ನ ಮಾತಿಗೆ ತಾನೇ ನಗು ಬಂತು. ಕೈ ಸೆರಗಿಗೆ ಹೋಯಿತು, ಆದರೆ ಸೆರಗು ಕಾಗದದ ಹೊದಿಕೆಯ ಕೆಳಗೆ ಸಿಕ್ಕಿಕೊಂಡಿತ್ತು. ನಗು ಕಾಯಲಿಲ್ಲ. ಆ ದೊಡ್ಡ ದೀಪದ ಕೆಳಗೆ, ಕಪ್ಪು ಹಲ್ಲು ಪೂರ್ತಿ ತೆರೆದು, ಮೈ ಅಲ್ಲಾಡಿಸಿ ಅವ್ವ ನಕ್ಕಳು. ಹದಿನಾರು ವರ್ಷದ ಹಿಂದಿನ ಸಭೆಯಲ್ಲಿ ಕೇಳಿದ್ದ ಅದೇ ನಗು, ಒಂದಿಷ್ಟೂ ಹಳತಾಗಿರಲಿಲ್ಲ. ಡಾಕ್ಟರೂ ನಕ್ಕರು. ಮಯೂರಿ ಮಾತ್ರ ನಗದೆ, ನೋಡುತ್ತಲೇ ನಿಂತಳು, ಎಷ್ಟು ನೋಡಿದರೂ ಸಾಲದು ಅನ್ನಿಸಿತು.

"ಇನ್ನ ದಿನಾ ನೋಡೂದ ಬ್ಯಾಡ್ರಿ ಟೀಚರ್," ಎಂದು ಡಾಕ್ಟರು ದೀಪ ಆರಿಸಿದರು. ಅವ್ವ ಕುರ್ಚಿಯಿಂದ ಇಳಿಯುತ್ತ, "ಬ್ಯಾಡೇನ್ರಿ?" ಎಂದು ಮಾತ್ರ ಕೇಳಿ, ಶಾಲು ಸರಿಮಾಡಿಕೊಂಡಳು.

ಮರುದಿನ ರವಿವಾರ. ಮಯೂರಿ ಎದ್ದು ಬಂದಾಗ ಹಂಚು ತಣ್ಣಗಿತ್ತು, ಮನೆಯಲ್ಲಿ ಹುರಿದ ವಾಸನೆ ಇರಲಿಲ್ಲ. ಅವ್ವ ಹೊಸ್ತಿಲ ಮೇಲೆ ಮೂಡಲಿಗೆ ಮುಖ ಮಾಡಿ ಕೂತಿದ್ದಳು. ಓಣಿಯ ಆಚೆ ತುದಿಯಲ್ಲಿ ದಾವಲಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಈ ಕಡೆ ಬರುತ್ತಿದ್ದಳು. ಮಯೂರಿಯ ಹೆಜ್ಜೆ ಕೇಳಿ ಅವ್ವ ಬಾಯಿ ತೆರೆದಳು, ಆಮೇಲೆ ನೆನಪಾಗಿ ಮುಚ್ಚಿಕೊಂಡಳು. ಮಯೂರಿ ಎದುರಿಗೆ ಹೋಗಿ ಮಂಡಿಯೂರಿದಳು. ಟಾರ್ಚ್ ಹಚ್ಚಿದಳು. ಅವ್ವ ಒಂದು ಗಳಿಗೆ ಅವಳ ಮುಖ ನೋಡಿ, ಮತ್ತೆ ಬಾಯಿ ತೆರೆದಳು.

"ಐತೇನ?"

"ಇಲ್ಲವ್ವ."

"ಮತ್ತ ಏನ ನೋಡಾಕತ್ತಿ?"

"ತಡಿ, ಅಲ್ಲಾಡಬ್ಯಾಡ," ಎಂದಳು ಮಯೂರಿ.